ಮಗುಚಿದ ವಿಮಾನದ ಬಾಗಿಲು

2012ರ ಮೇ 25ರಂದು ಕೆನಡಾದ ಒಂಟಾರಿಯೊದಲ್ಲಿ ಬೀವರ್ ಎಂಬ, ನೀರಿನ ಮೇಲಿಂದ ಏರಿಳಿಯುವ ಸಣ್ಣ ವಿಮಾನವೊಂದು ಲಿಲಬೆಲ್ ಸರೋವರಕ್ಕೆ ಬಿತ್ತು. ಮೂವರಲ್ಲಿ ಒಬ್ಬರು ಹೊರಬಂದರು. ಪೈಲಟ್ ಮತ್ತು ಇನ್ನೊಬ್ಬ ಪ್ರಯಾಣಿಕ ಮುಳುಗಿ ತೀರಿಕೊಂಡರು. 2009ರ ನವೆಂಬರಿನಲ್ಲಿ ಅದೇ ದೇಶದ ಪಶ್ಚಿಮ ಕರಾವಳಿಯ ಸಟರ್ನಾ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದ ಬೀವರ್‌ನಲ್ಲಿ ಎಂಟು ಜನರಿದ್ದರು. ಸತ್ತ ಆರೂ ಮಂದಿಯನ್ನು ಕೊಂದದ್ದು ನೀರು. ಇದಕ್ಕೆ ಹಣೆಬರಹವನ್ನು ದೂರುವುದು ತಪ್ಪು. ಲೆಕ್ಕ ಬೇರೆಯೇ ಇದೆ: ನೀರೊಳಗೆ ಬಾಗಿಲು ತೆರೆದು ಹೊರಬರುವ ಲೆಕ್ಕ. ಎಲ್ಲ ಅಪಘಾತಕ್ಕೂ ಈ ಲೆಕ್ಕ ಹೊಂದದು, ನಿಜ. 2019ರ ಜುಲೈನಲ್ಲಿ ಕೆನಡಾದ ಲ್ಯಾಬ್ರಡಾರ್‌ನ ಮಿಸ್ಟಾಸ್ಟಿನ್ ಸರೋವರದಲ್ಲಿ, ಮೀನು ಹಿಡಿಯಲು ಹೊರಟವರ ಬೀವರ್ ಬಿದ್ದಾಗ ಏಳು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಎಂಜಿನ್, ರೆಕ್ಕೆ ಭಾರ. ವಿಮಾನವನ್ನು ತೇಲಿಸುವ ಕೆಳಗಿನ ಫ್ಲೋಟ್‌ಗಳು ಟೊಳ್ಳು. ಹಾಗಾಗಿ ನೀರಿಗೆ ಬಿದ್ದ ವಿಮಾನ ಮಗುಚಿ, ಫ್ಲೋಟ್‌ಗಳಿಗೆ ಬಾವಲಿಯಂತೆ ಜೋತುಬೀಳುತ್ತದೆ. ಬಾಗಿಲು ಅರ್ಧ ಮೀಟರ್ ಆಳದಲ್ಲಿದ್ದು, ಅದರ ವಿಸ್ತೀರ್ಣ ಅರ್ಧ ಚದರ ಮೀಟರ್ ಎಂದಿಟ್ಟುಕೊಳ್ಳಿ. ಒಳಗೆ ಬರೀ ಗಾಳಿಯಿದ್ದರೆ ಹೊರಗಿನ ನೀರು ಅದನ್ನು ಸುಮಾರು 250 ಕಿಲೋ ಭಾರದಷ್ಟು ಅದುಮುತ್ತದೆ. ತುಂಬಿದ ಕೆರೆಯ ತೂಬನ್ನು ಬರಿಗೈಯಲ್ಲಿ ಎತ್ತಲು ಹೋದಂತೆ. ಬೋರಲು ಹಾಕಿದ ಕೊಡವನ್ನು ಬಾವಿಗೆ ಅದುಮಿ ನೋಡಿ: ಗಾಳಿ ಇರುವವರೆಗೂ ಮೊಂಡಾಟ, ಗುಳುಗುಳು ಎಂದು ತುಂಬಿಕೊಂಡರೆ ತಣ್ಣಗೆ ಇಳಿಯುತ್ತದೆ. ಬಾಗಿಲೂ ಹಾಗೆಯೇ. ಒಳಗೂ ನೀರು ತುಂಬಿದರೆ ಎರಡೂ ಕಡೆಯ ಒತ್ತಡ ಸಮವಾಗಿ, ಕೈಗೆ ಒಲಿಯುತ್ತದೆ. ಹೊಡೆತಕ್ಕೆ ಚೌಕಟ್ಟು ಸೊಟ್ಟಗಾಗಿದ್ದರೆ ಮಾತ್ರ ಅದೂ ಇಲ್ಲ. ಸಟರ್ನಾದಲ್ಲಿ ನಾಲ್ಕರಲ್ಲಿ ಎರಡು ಬಾಗಿಲು ಬಿಗಿದುಕೊಂಡಿದ್ದವು. ಒತ್ತಿದರೆ ಇಡೀ ಗಾಜೇ ಹೊರಗೆ ಬೀಳುವ ಕಿಟಕಿ ಬೇಕಾಗುವುದು ಇಂಥ ಕಡೆಗೇ.

ಗಾಬರಿಯಲ್ಲಿ ಜನ ಮೊದಲು ಬೆಲ್ಟ್ ಬಿಚ್ಚುತ್ತಾರೆ. ಮಾರಕ ತಪ್ಪು. ಬಿಚ್ಚಿದೊಡನೆ ದೇಹ ತೇಲಿ ಉರುಳುತ್ತದೆ, ಮೇಲು ಕೆಳಗು ಗೊತ್ತಾಗುವುದಿಲ್ಲ. ಬೆಲ್ಟಿನಲ್ಲೇ ಇದ್ದರೆ, ತಲೆಕೆಳಗಾದರೂ ಬಲಗಡೆಯ ಹಿಡಿ ಬಲಗಡೆಗೇ ಇರುತ್ತದೆ. ಒಂದು ಕೈಯಲ್ಲಿ ಬಾಗಿಲ ಅಂಚನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದರಿಂದ ಬಾಗಿಲು ತೆರೆದು, ಆಮೇಲೆ ಬೆಲ್ಟ್ ಬಿಚ್ಚಿ, ಹಿಡಿದ ಕೈ ಬಿಡದೆ ದೇಹವನ್ನು ಹೊರಗೆಳೆದುಕೊಳ್ಳಬೇಕು. ತಣ್ಣೀರು ತಾಗಿದಾಗ ಮೈ ತಾನಾಗಿ ಏದುಸಿರು ಬಿಡುತ್ತದೆ. ಅರ್ಧ ನಿಮಿಷ ಉಸಿರು ಹಿಡಿಯುವುದೂ ಕಷ್ಟ.

ಜೀವರಕ್ಷಕ ಅಂಗಿಗೆ ಗಾಳಿ ತುಂಬುವುದು ಹೊರಬಂದ ಮೇಲೆ. ಒಳಗೇ ತುಂಬಿದರೆ ಅದು ನಿಮ್ಮನ್ನು ಮೇಲಕ್ಕೆ ಒತ್ತಿ ಹಿಡಿದು, ಬಾಗಿಲಿಗೆ ಇಳಿಯಲು ಬಿಡುವುದಿಲ್ಲ. 1996ರಲ್ಲಿ ಹಿಂದೂ ಮಹಾಸಾಗರದ ಕೊಮೊರೊಸ್ ದ್ವೀಪಗಳ ಬಳಿ ಸಮುದ್ರಕ್ಕಿಳಿದ ಇಥಿಯೋಪಿಯನ್ ವಿಮಾನದಲ್ಲಿ ಹಲವರು ಸತ್ತದ್ದು ಹೀಗೆಯೇ. ಬೀವರಿನಂತೆ ನೀರಿಗಿಳಿಯುವ ಸಣ್ಣ ವಾಣಿಜ್ಯ ವಿಮಾನಗಳಲ್ಲಿ ಅಂಗಿಯನ್ನು ಸೀಟಿನಡಿ ಇಡದೆ ತೊಟ್ಟೇ ಕೂರಬೇಕು, ಪೈಲಟ್‌ಗಳು ನೀರೊಳಗಿಂದ ಪಾರಾಗುವ ತರಬೇತಿ ಪಡೆಯಬೇಕು ಎಂದು ಕೆನಡಾ 2019ರಲ್ಲಿ ನಿಯಮ ಮಾಡಿತು. ಪ್ರಯಾಣಿಕರಿಗೆ ಆ ತರಬೇತಿ ಇಲ್ಲ. ಆದ್ದರಿಂದ ವಿಮಾನ ದಡದ ಕಟ್ಟೆಯ ಬಳಿ ನಿಂತಿರುವಾಗಲೇ ಕಣ್ಣು ಮುಚ್ಚಿಕೊಂಡು ನಿಮ್ಮ ಬಾಗಿಲಿನ ಹಿಡಿಯನ್ನು ಎರಡು ಸಲ ತಡಕಿ, ತಿರುಗಿಸಿ ನೋಡಿ.