ಮಣ್ಣೇ ಇಲ್ಲದ ಬೆಟ್ಟದಲ್ಲಿ ಲೂಪಿನ್ ಬದುಕಿದ್ದು ಹೇಗೆ?

ಪ್ರಶ್ನೆ: ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದ ಮೇಲೆ, ಆ ಬರಡು ನೆಲದಲ್ಲಿ ಮೊದಲು ಚಿಗುರಿದ್ದು ಲೂಪಿನ್ ಎಂಬ ಹೂಗಿಡ ಅಂತೆ. ಗೊಬ್ಬರವಿಲ್ಲ, ಮಣ್ಣೂ ಇಲ್ಲ. ಹೇಗೆ ಸಾಧ್ಯವಾಯಿತು?

ಉತ್ತರ: ಕಡಲೆಕಾಯಿ ಗಿಡ ಕಿತ್ತಾಗ ಬೇರಿನಲ್ಲಿ ಸಣ್ಣ ಸಣ್ಣ ಗಂಟು ಕಾಣುತ್ತವೆ, ಅಲ್ವಾ? ಒಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದು ಅರ್ಥ. ಆ ಬಣ್ಣ ಕೊಡುವ ವಸ್ತು ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ನೆಂಟ. ಲೂಪಿನ್ ಕೂಡ ಕಡಲೆಕಾಯಿಯ ಕುಟುಂಬದ್ದೇ. ಅದರ ಬೇರಿನಲ್ಲೂ ಇಂಥ ಗಂಟುಗಳಿವೆ.

ಗಂಟಿನೊಳಗೆ ಬ್ಯಾಕ್ಟೀರಿಯಾ ಇರುತ್ತವೆ. ಗಿಡ ಬೆಳೆಯಲು ಸಾರಜನಕ ಬೇಕೇ ಬೇಕು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಬ್ಯಾಕ್ಟೀರಿಯಾ ಅದನ್ನು ಗಿಡಕ್ಕೆ ಒಗ್ಗುವಂತೆ ಮಾಡಿಕೊಡುತ್ತವೆ, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತವೆ. ಹೂವಿಗೆ ಸಿಕ್ಕ ಹೆಸರಿನಲ್ಲಿ ಅರ್ಧವಾದರೂ ಇವಕ್ಕೆ ಸಲ್ಲಬೇಕು.

1980ರ ಮೇ 18ರಂದು ಬೆಟ್ಟದ ಉತ್ತರ ಮಗ್ಗುಲು ಕುಸಿದು ಸಿಡಿಯಿತು. ಬಿಸಿ ಬೂದಿ, ಪ್ಯೂಮಿಸ್ ಎಂಬ ತೂತು ತೂತಾದ ಹಗುರ ಜ್ವಾಲಾಮುಖಿ ಕಲ್ಲು ಹರಿದು ಬಂದು ಬುಡದ ಬಯಲನ್ನು ಪೂರ್ತಿ ಮುಚ್ಚಿದವು. ಆ ಕಲ್ಲಿನಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಬೇರೆ ಗಿಡ ಹಸಿವಿನಿಂದ ಸೊರಗುವ ಜಾಗ ಅದು. ಒಂದೆರಡು ವರ್ಷದೊಳಗೆ ಹೆಲಿಕಾಪ್ಟರಿನಲ್ಲಿ ಸಮೀಕ್ಷೆಗೆ ಹೋದ ವಿಜ್ಞಾನಿಗಳಿಗೆ ಅಲ್ಲಿ ಒಂಟಿ ಲೂಪಿನ್ ಕಾಣಿಸಿತು. ಲೂಪಿನಸ್ ಲೆಪಿಡಸ್ ಎಂಬ ಜಾತಿ. ಕ್ಯಾಸ್ಕೇಡ್ ಬೆಟ್ಟಸಾಲಿನ ಎತ್ತರದ ಹುಲ್ಲುಗಾವಲಿನಲ್ಲಿ ಬೆಳೆಯುವಂಥದ್ದು. ಹೆಚ್ಚೆಂದರೆ ಗೇಣೆತ್ತರ, ಅಂಗೈಯಂತೆ ಬಿಚ್ಚಿದ ಎಲೆ, ಎಲೆ ಮೇಲೆ ಬೆಳ್ಳಿ ಬಣ್ಣದ ನವಿರು ಕೂದಲು, ನೇರಳೆ ಹೂಗೊಂಚಲು.

ಬಹುವಾರ್ಷಿಕ ಎಂದರೂ ಇದರ ಆಯಸ್ಸು ಕೆಲವೇ ವರ್ಷ. ನನಗೆ ಅತಿ ಮುಖ್ಯ ಅನಿಸುವುದು ಇದೇ. ಬದುಕಿರುವಾಗ ಗಿಡ ಗಾಳಿಯಲ್ಲಿ ಬಂದ ಧೂಳು, ಕಸ, ಬೇರೆ ಗಿಡಗಳ ಬೀಜ ಎಲ್ಲವನ್ನೂ ತನ್ನ ಬುಡದಲ್ಲಿ ತಡೆದು ನಿಲ್ಲಿಸುತ್ತದೆ. ಸತ್ತ ಮೇಲೆ ಎಲೆ, ಬೇರು ಕೊಳೆತು ಕೂಡಿಟ್ಟ ಸಾರಜನಕ ನೆಲಕ್ಕೆ ಇಳಿಯುತ್ತದೆ. ಆಗ ಬೇರೆ ಗಿಡಗಳಿಗೂ ಅಲ್ಲಿ ಊಟ ಸಿಗುತ್ತದೆ.

ಆದರೆ ಬಯಲು ಸರಸರನೆ ಹಸಿರಾಗಲಿಲ್ಲ. ಲೂಪಿನ್ ಬೀಜಕ್ಕೆ ಹಾರಲು ರೆಕ್ಕೆಯಿಲ್ಲ, ಎಳೆಯಿಲ್ಲ. ಕಾಯಿ ಒಣಗಿ ಸಿಡಿದಾಗ ತಾಯಿ ಗಿಡದ ಆಸುಪಾಸಿನಲ್ಲೇ ಬೀಳುತ್ತದೆ. ಸಾಲದ್ದಕ್ಕೆ ಪತಂಗದ ಹುಳುಗಳು ಬಂದವು. ಗುಂಪಿನ ಅಂಚಿನಲ್ಲಿ ಹೊಸದಾಗಿ ಹುಟ್ಟಿದ ಗಿಡಗಳನ್ನೇ ಅವು ಜಾಸ್ತಿ ತಿಂದವು. ಹರಡುವ ವೇಗ ವರ್ಷಗಟ್ಟಲೆ ಕುಗ್ಗಿತು.