ಕಂಟೈನರಿನೊಳಗೆ ಕಂಪ್ಯೂಟರ್ ಇಲ್ಲ

ಪದವಿಯ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಈಚೆಗೆ ತನ್ನ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. ಅವಳ ವೆಬ್ ಅಪ್ಲಿಕೇಶನ್ ನೇರವಾಗಿ ಓಡಿಸಿದರೆ ಚೆನ್ನಾಗಿಯೇ ಓಡುತ್ತದೆ. ಪ್ರೋಗ್ರಾಂಗಳನ್ನು ಪ್ರತ್ಯೇಕ ‘ಕಂಟೈನರ್’ಗಳಲ್ಲಿಟ್ಟು ಓಡಿಸುವ ಡಾಕರ್ ಎಂಬ ತಂತ್ರಾಂಶದ ಕಂಟೈನರಿನಲ್ಲಿ ಹಾಕಿದರೆ ಮಾತ್ರ ಡೇಟಾಬೇಸ್ ಸಿಗುವುದಿಲ್ಲ. ‘ಕನೆಕ್ಷನ್ ರಿಫ್ಯೂಸ್ಡ್’ ಎಂಬ ಒಂದೇ ಸಾಲು. ಎರಡು ದಿನಗಳಲ್ಲಿ ಅವಳು ಡಾಕರನ್ನು ಮೂರು ಸಲ ಅಳಿಸಿ ಮತ್ತೆ ಹಾಕಿದ್ದಳು, ಯಾರೋ ಹೇಳಿದರೆಂದು ಫೈರ್‌ವಾಲ್ ಕೂಡ ಆರಿಸಿಟ್ಟಿದ್ದಳು. ಜ್ವರ ಯಾವುದೆಂದು ನೋಡದೆ ತಾಯಿತ ಕಟ್ಟುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ವಿಜ್ಞಾನ ಓದಿದವರಲ್ಲೇ ಈ ಅಭ್ಯಾಸ ಬೇರೂರುತ್ತಿರುವುದು ನನಗೆ ನಿಜಕ್ಕೂ ಆತಂಕ ತರುತ್ತದೆ.

ಇದರ ಹಿಂದೆ ಒಂದು ತಪ್ಪು ತಿಳಿವಳಿಕೆ ಇದೆ: ಕಂಟೈನರ್ ಎಂದರೆ ಕಂಪ್ಯೂಟರಿನೊಳಗೆ ಕೂತ ಇನ್ನೊಂದು ಪುಟ್ಟ ಕಂಪ್ಯೂಟರ್ ಎಂಬುದು. ಅದು ಹಾಗಲ್ಲ. ಲಿನಕ್ಸ್ ಯಂತ್ರದಲ್ಲಿ ಕಂಟೈನರಿನೊಳಗೆ ಒಂದು ಪ್ರೋಗ್ರಾಂ ಓಡಿಸಿ, ಹೊರಗಿನಿಂದ ಪ್ರಾಸೆಸ್‌ಗಳ ಪಟ್ಟಿ ತೆಗೆದು ನೋಡಿ. ಉಳಿದೆಲ್ಲ ಪ್ರೋಗ್ರಾಂಗಳ ಸಾಲಿನಲ್ಲೇ ಅದೂ ನಿಂತಿರುತ್ತದೆ, ಅದರ ಸಂಖ್ಯೆ 4127 ಎಂದಿಟ್ಟುಕೊಳ್ಳೋಣ. ಅದನ್ನೇ ಒಳಗಿನಿಂದ ಕೇಳಿದರೆ ತನ್ನ ಸಂಖ್ಯೆ 1 ಎನ್ನುತ್ತದೆ. ಪ್ರಾಸೆಸ್ ಒಂದೇ, ನೋಟ ಎರಡು. ಒಳಗಿನವರಿಗೆ ಏನು ಕಾಣಬೇಕು, ಏನು ಕಾಣಬಾರದು ಎಂಬುದನ್ನು ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ನಿರ್ಧರಿಸುತ್ತದೆ.

ತನ್ನದೇ ಕರ್ನಲ್ ಇಟ್ಟುಕೊಂಡು ಕಂಪ್ಯೂಟರಿನೊಳಗೆ ಓಡುವ ಕೃತಕ ಕಂಪ್ಯೂಟರ್, ಅಂದರೆ ವರ್ಚುವಲ್ ಮಷೀನ್, ಸ್ವಂತ ಪಾಯ, ಸ್ವಂತ ಬಾವಿ ಇರುವ ಮನೆ. ಕಂಟೈನರ್ ವಠಾರದ ಮನೆ. ಪ್ರತಿ ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಒಲೆ; ಬಾವಿ ಮಾತ್ರ ಒಂದೇ, ಮಾಲೀಕನೂ ಒಬ್ಬನೇ. ಆ ಮಾಲೀಕನೇ ಕರ್ನಲ್.

ಈ ವಠಾರವನ್ನು ಯಾರೂ ಒಂದೇ ದಿನದಲ್ಲಿ ಕಟ್ಟಲಿಲ್ಲ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನ 1979ರ ಏಳನೆಯ ಆವೃತ್ತಿಯಲ್ಲಿ ಬಂದ ‘ಸಿಎಚ್‌ರೂಟ್’ ಒಂದು ಪ್ರೋಗ್ರಾಮಿಗೆ ಕಡತಗಳ ಲೋಕವನ್ನು ಕಿರಿದಾಗಿಸಿ ತೋರಿಸಿತು. 2000ದಲ್ಲಿ ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ‘ಜೈಲ್’ ಎಂಬ ಇನ್ನೂ ಗಟ್ಟಿ ಗೋಡೆ ಹಾಕಿತು. 2006ರಲ್ಲಿ ಗೂಗಲ್‌ನ ಎಂಜಿನಿಯರುಗಳು ನೆನಪು (ಮೆಮೊರಿ) ಮತ್ತು ಸಿಪಿಯು ಬಳಕೆಗೆ ಪಡಿತರ ಗೊತ್ತುಮಾಡುವ ವ್ಯವಸ್ಥೆಯನ್ನು ಬರೆಯತೊಡಗಿದರು; 2008ರ ಜನವರಿಯ ಹೊತ್ತಿಗೆ ಅದು ‘ಸಿಗ್ರೂಪ್ಸ್’ ಹೆಸರಿನಲ್ಲಿ ಲಿನಕ್ಸ್ ಕರ್ನಲ್ ಸೇರಿತು. 2013ರ ಮಾರ್ಚ್‌ನಲ್ಲಿ ಡಾಕರ್ ರೂಪಿಸಿದ ಸಾಲೊಮನ್ ಹೈಕ್ಸ್ ಪೈಥಾನ್ ಸಮ್ಮೇಳನವೊಂದರಲ್ಲಿ ಐದು ನಿಮಿಷಗಳ ಪುಟ್ಟ ಭಾಷಣದಲ್ಲಿ ಡಾಕರನ್ನು ತೋರಿಸಿದರು. ಇವರಲ್ಲಿ ಯಾರೂ ಹೊಸ ಯಂತ್ರ ಮಾಡಲಿಲ್ಲ. ಎಲ್ಲರೂ ಮಾಡಿದ್ದು ಮರೆ ಕಟ್ಟುವ ಕೆಲಸ. ಎಷ್ಟು ಸೊಗಸಾದ ವಿಚಾರ ಇದು!

ಈಗ ಆ ವಿದ್ಯಾರ್ಥಿನಿಯ ಸಾಲಿಗೆ ಬರೋಣ. ಅವಳ ಪ್ರೋಗ್ರಾಂ ಡೇಟಾಬೇಸನ್ನು 127.0.0.1 ಎಂಬ ವಿಳಾಸದಲ್ಲಿ ಹುಡುಕುತ್ತಿತ್ತು. ಇದು ‘ನಾನು’ ಎಂಬ ಮಾತಿನಂಥ ವಿಳಾಸ. ‘ನಾನು’ ಎಂದು ನೀವು ಹೇಳಿದರೆ ನೀವು, ನಾನು ಹೇಳಿದರೆ ನಾನು. ಕಂಟೈನರಿಗೆ ಕರ್ನಲ್ ತನ್ನದೇ ಆದ ನೆಟ್‌ವರ್ಕ್ ನೋಟವನ್ನು ಕೊಟ್ಟಿರುವುದರಿಂದ ಅಲ್ಲಿಂದ ಹೊರಟ 127.0.0.1 ಕಂಟೈನರನ್ನೇ ಸುತ್ತಿ ವಾಪಸು ಬರುತ್ತದೆ, ಲ್ಯಾಪ್‌ಟಾಪಿನವರೆಗೆ ಹೋಗುವುದೇ ಇಲ್ಲ. ಪಕ್ಕದ ಮನೆಯವರನ್ನು ಕರೆಯಲು ನಮ್ಮ ಮನೆಯ ಕೋಣೆಯಲ್ಲೇ ನಿಂತು ‘ಮನೆಯಲ್ಲಿ ಯಾರಿದ್ದೀರಿ?’ ಎಂದು ಕೂಗಿದಂತೆ. ‘ರಿಫ್ಯೂಸ್ಡ್’ ಎಂಬ ಪದವನ್ನೂ ಗಮನಿಸಬೇಕು. ದಾರಿಯಲ್ಲಿ ಮಾತು ಕಳೆದುಹೋಗಿದ್ದರೆ ಕಾದು ಕಾದು ‘ಟೈಮ್‌ಔಟ್’ ಬರುತ್ತಿತ್ತು. ರಿಫ್ಯೂಸ್ಡ್ ಎಂದರೆ ಕೂಗು ತಲುಪಿದೆ, ಆದರೆ ಆ ಬಾಗಿಲ ಹಿಂದೆ ಕಿವಿಗೊಟ್ಟು ಕೂತವರು ಯಾರೂ ಇಲ್ಲ ಎಂದು ಸಾಮಾನ್ಯವಾಗಿ ಕರ್ನಲ್ಲೇ ಕೊಟ್ಟ ಉತ್ತರ. ಆ ಒಂದು ಪದದಲ್ಲೇ ಅರ್ಧ ರೋಗನಿದಾನ ಇತ್ತು. ವಿಳಾಸವನ್ನು ‘ಹೋಸ್ಟ್.ಡಾಕರ್.ಇಂಟರ್ನಲ್’ ಎಂದು, ಅಂದರೆ ಕಂಟೈನರಿನೊಳಗಿನಿಂದ ಲ್ಯಾಪ್‌ಟಾಪನ್ನೇ ಸೂಚಿಸುವ ಹೆಸರಿಗೆ, ಬದಲಿಸಿದಳು, ಡೇಟಾಬೇಸ್ ಸಿಕ್ಕಿತು.

ಇದೇ ತಪ್ಪು ತಿರುಗುಮುರುಗಾಗಿಯೂ ಬರುತ್ತದೆ. ಅಪ್ಲಿಕೇಶನ್ ತನ್ನ 127.0.0.1ಕ್ಕೆ ಮಾತ್ರ ಕಿವಿಗೊಟ್ಟರೆ, ನೀವು ಪೋರ್ಟ್ (ಹೊರಗಿನ ಕರೆ ಬರುವ, ಸಂಖ್ಯೆಯುಳ್ಳ ಬಾಗಿಲು) ತೆರೆದಿಟ್ಟರೂ ಬ್ರೌಸರಿನ ಕರೆ ಅದಕ್ಕೆ ಕೇಳಿಸದು. ಅಡುಗೆಮನೆಯಲ್ಲಿ ಕೂತವರಿಗೆ ಬೀದಿ ಬಾಗಿಲು ತಟ್ಟಿದ್ದು ಕೇಳಿಸದ ಹಾಗೆ. ಎಲ್ಲ ಬಾಗಿಲಿಗೂ ಕಿವಿಗೊಡಲು 0.0.0.0 ಎಂದು ಹೇಳಬೇಕು. ಬಾಗಿಲಿನ ಸಂಖ್ಯೆಯೂ ಕೈಕೊಡುತ್ತದೆ. 2023ರಲ್ಲಿ ಬಂದ, ಮೈಕ್ರೋಸಾಫ್ಟಿನ ಪ್ರೋಗ್ರಾಮಿಂಗ್ ವೇದಿಕೆಯಾದ ಡಾಟ್‌ನೆಟ್ 8ರ ಅಧಿಕೃತ ಕಂಟೈನರ್‌ಗಳಲ್ಲಿ ವೆಬ್ ಅಪ್ಲಿಕೇಶನ್‌ನ ಪೋರ್ಟ್ 80ರಿಂದ 8080ಕ್ಕೆ ಬದಲಾಯಿತು. ಆವೃತ್ತಿ ಏರಿಸಿದವರು 80ನ್ನೇ ತಟ್ಟುತ್ತ ನಿಂತರು.

ಮಾಲೀಕ ಒಬ್ಬನೇ ಎಂಬ ಮಾತು ನೆನಪಿದ್ದರೆ ಬೇರೆ ದೋಷಗಳೂ ಬಿಡಿಸಿಕೊಳ್ಳುತ್ತವೆ. ಲಿನಕ್ಸ್ ಕಂಟೈನರಿಗೆ ಲಿನಕ್ಸ್ ಕರ್ನಲ್ಲೇ ಬೇಕು. ಆದ್ದರಿಂದ ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಮರೆಯಲ್ಲಿ ಒಂದು ವರ್ಚುವಲ್ ಮಷೀನ್ ಓಡಿಸುತ್ತದೆ. ವಿಂಡೋಸ್ ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆರಿದ್ದರೆ ಏನೂ ಶುರುವಾಗದು. ಆಗ ಪ್ರಾಜೆಕ್ಟಿನ ಕೋಡ್ ತಿದ್ದುವುದು ವ್ಯರ್ಥ. ಆರ್ಮ್ ಚಿಪ್‌ನ ಮ್ಯಾಕ್‌ನಲ್ಲಿ ಕಟ್ಟಿದ ಇಮೇಜನ್ನು (ಕಂಟೈನರ್ ಶುರುವಾಗುವ ಅಚ್ಚನ್ನು) ಬೇರೆ ಬಗೆಯ ಚಿಪ್ ಇರುವ ಇಂಟೆಲ್ ಸರ್ವರಿಗೆ ಒಯ್ದರೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’. 137 ಎಂಬ ಸಂಖ್ಯೆ ಕೊಟ್ಟು ಕಂಟೈನರ್ ಸತ್ತರೆ ಅದನ್ನು 128 ಮತ್ತು 9 ಎಂದು ಒಡೆಯಿರಿ; 9 ಎಂಬುದು ಕೊಲ್ಲುವ ಸಂಕೇತ, ಬಹುಮಟ್ಟಿಗೆ ನೆನಪಿನ ಪಡಿತರ ಮೀರಿದ್ದಕ್ಕೆ.

ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಮಾಟವೇನೋ ಎಂದು ಹೆದರಿಸುವ ದೋಷ ಇನ್ನೊಂದಿದೆ. ಶುರು ಮಾಡುವ ಸ್ಕ್ರಿಪ್ಟ್ ಕಣ್ಣೆದುರೇ ಇದೆ, ಆದರೂ ‘ನೋ ಸಚ್ ಫೈಲ್’ ಎನ್ನುತ್ತದೆ. ಹಳೆಯ ಟೆಲಿಪ್ರಿಂಟರಿನಲ್ಲಿ ಹೊಸ ಸಾಲಿಗೆ ಎರಡು ಕೆಲಸ ಆಗಬೇಕಿತ್ತು: ಅಚ್ಚೊತ್ತುವ ಭಾಗವನ್ನು ಎಡತುದಿಗೆ ತರುವುದು, ಕಾಗದವನ್ನು ಮೇಲಕ್ಕೆ ಸರಿಸುವುದು. ಎರಡಕ್ಕೂ ಎರಡು ಗುರುತು. ವಿಂಡೋಸ್ ಎರಡನ್ನೂ ಉಳಿಸಿಕೊಂಡಿತು, ಯುನಿಕ್ಸ್ ಮೊದಲನೆಯದನ್ನು ಕೈಬಿಟ್ಟಿತು. ಸ್ಕ್ರಿಪ್ಟಿನ ಮೊದಲ ಸಾಲು ಅದನ್ನು ಓಡಿಸಬೇಕಾದ ಪ್ರೋಗ್ರಾಮಿನ ಹೆಸರು ಹೇಳುತ್ತದೆ. ವಿಂಡೋಸಿನಲ್ಲಿ ಉಳಿಸಿದ ಸ್ಕ್ರಿಪ್ಟಿನ ಮೊದಲ ಸಾಲಿನ ಕೊನೆಗೆ ಆ ಕಾಣದ ಗುರುತು ಅಂಟಿಕೊಂಡಿರುತ್ತದೆ. ಕರ್ನಲ್ ಹುಡುಕುವುದು ‘ಎಸ್‌ಎಚ್’ ಎಂಬ ಪ್ರೋಗ್ರಾಮನ್ನಲ್ಲ, ‘ಎಸ್‌ಎಚ್’ಗೆ ಆ ಗುರುತೂ ಸೇರಿದ ಹೆಸರಿನದನ್ನು. ಅಂಥದ್ದು ಎಲ್ಲೂ ಇಲ್ಲ. ಸ್ಕ್ರಿಪ್ಟನ್ನು ಎಡಿಟರಿನಲ್ಲಿ ತೆರೆದು ಸಾಲಿನ ಕೊನೆಯನ್ನು ‘ಎಲ್‌ಎಫ್’ (ಕಾಗದ ಸರಿಸುವ ಗುರುತು ಮಾತ್ರ) ಎಂದು ಬದಲಿಸಿ ಉಳಿಸಿ, ಇಮೇಜನ್ನು ಮತ್ತೊಮ್ಮೆ ಕಟ್ಟಿ ನೋಡಿ.