‘ಗುರಿ ಸರಿಯಿದ್ದರೆ ದಾರಿ ಹೇಗಿದ್ದರೂ ಸರಿ’ ಎಂದು ಇಟಲಿಯ ರಾಜಕೀಯ ಚಿಂತಕ ಮೆಕಿಯಾವೆಲ್ಲಿ ಹೇಳಿದ್ದು ನಿಜವೇ?

ಇಲ್ಲ, ಹೇಳಿಲ್ಲ. ರಾಜ್ಯಶಾಸ್ತ್ರದ ಉತ್ತರಪತ್ರಿಕೆಗಳಲ್ಲಿ ವರ್ಷ ವರ್ಷವೂ ಈ ವಾಕ್ಯವನ್ನು ಉದ್ಧರಣ ಚಿಹ್ನೆಯ ಸಮೇತ ಕಂಡು, ಅದರ ಕೆಳಗೆ ಕೆಂಪು ಗೆರೆ ಎಳೆದು ನನಗೆ ಸಾಕಾಗಿದೆ. ಆದ್ದರಿಂದ ಈ ಸಲ ಮೂಲವನ್ನೇ ಬಿಡಿಸಿ ನೋಡೋಣ.

ಅರಸರು ರಾಜ್ಯವನ್ನು ಗಳಿಸಿ ಉಳಿಸಿಕೊಳ್ಳುವ ಬಗೆಯನ್ನು ಕುರಿತು ಆತ 1513ರಲ್ಲಿ ಬರೆದ ‘ದಿ ಪ್ರಿನ್ಸ್’ನ ಹದಿನೆಂಟನೆಯ ಅಧ್ಯಾಯದಲ್ಲಿ ಇರುವುದು ‘ಸಿ ಗ್ವಾರ್ದಾ ಅಲ್ ಫೀನೆ’ ಎಂಬ ನಾಲ್ಕು ಇಟಾಲಿಯನ್ ಪದಗಳ ಮಾತು. ‘ಗ್ವಾರ್ದಾ’ ಎಂದರೆ ನೋಡುವುದು, ಸಮರ್ಥಿಸುವುದಲ್ಲ. ‘ಫೀನೆ’ ಎಂದರೆ ಕೊನೆ. ಎಲ್ಲರ ಕೆಲಸಗಳಲ್ಲೂ, ಅದರಲ್ಲೂ ಮೇಲ್ಮನವಿಗೆ ನ್ಯಾಯಾಲಯವೇ ಇಲ್ಲದ ಅರಸರ ಕೆಲಸಗಳಲ್ಲಿ, ಜನ ನೋಡುವುದು ಕೊನೆಗೆ ಏನಾಯಿತೆಂಬುದನ್ನು ಎಂದು ಆತ ಹೇಳುತ್ತಾನೆ. ರಾಜ್ಯವನ್ನು ಗೆದ್ದು ಉಳಿಸಿಕೊಂಡವನ ದಾರಿಯನ್ನು ಎಲ್ಲರೂ ಹೊಗಳುತ್ತಾರೆ, ಏಕೆಂದರೆ ಸಾಮಾನ್ಯರು ತೋರಿಕೆಗೆ ಮರುಳಾಗುತ್ತಾರೆ ಎಂಬುದು ಅದರ ಮುಂದಿನ ಮಾತು. ಜನ ಹೇಗೆ ತೀರ್ಪು ಕೊಡುತ್ತಾರೆಂದು ಹೇಳುವುದು ಬೇರೆ, ಆ ತೀರ್ಪು ನ್ಯಾಯವೆಂದು ಹೇಳುವುದು ಬೇರೆ.

ಎಲ್ಲ ದಾರಿಯೂ ಒಂದೇ ಎಂದು ಆತ ನಂಬಿದ್ದರೆ, ಎಂಟನೆಯ ಅಧ್ಯಾಯದಲ್ಲಿ ಸಿಸಿಲಿಯ ಪ್ರಾಚೀನ ನಗರ ಸಿರಕ್ಯೂಸಿನ ದೊರೆ ಅಗಥಾಕ್ಲಿಸನನ್ನು ಕೊಂಡಾಡಬೇಕಿತ್ತು. ಅವನು ಸೆನೆಟರುಗಳನ್ನು ಸಭೆಗೆ ಕರೆದು ಕೊಲ್ಲಿಸಿ ಅಧಿಕಾರ ಹಿಡಿದವನು, ಕೊನೆಯವರೆಗೂ ಅದನ್ನು ಉಳಿಸಿಕೊಂಡವನು. ಆದರೂ ಮೆಕಿಯಾವೆಲ್ಲಿ ಬರೆಯುವುದೇನು? ಸಹನಾಗರಿಕರನ್ನು ಕೊಂದು, ಗೆಳೆಯರಿಗೆ ದ್ರೋಹ ಬಗೆದರೆ ಅಧಿಕಾರ ಸಿಗಬಹುದು, ಕೀರ್ತಿ ಸಿಗದು. ಜನಪ್ರಿಯ ವಾಕ್ಯಕ್ಕೆ ತೀರ ಹತ್ತಿರ ಬರುವುದು ರೋಮನ್ ಇತಿಹಾಸಕಾರ ಲಿವಿಯ ಇತಿಹಾಸವನ್ನು ಕುರಿತ ಆತನ ಇನ್ನೊಂದು ಗ್ರಂಥದಲ್ಲಿ, ಸೋದರನನ್ನು ಕೊಂದ, ರೋಮ್ ಸ್ಥಾಪಕ ರೊಮುಲಸನ ಪ್ರಸಂಗ. ಕೃತ್ಯ ದೂಷಿಸಿದರೂ ಫಲ ಅವನನ್ನು ಕ್ಷಮಿಸಲಿ ಎನ್ನುತ್ತಾನೆ. ಆದರೆ ಅಲ್ಲಿಯೂ, ಕೆಡವಲು ಹಿಂಸೆ ಮಾಡುವವನು ಖಂಡನಾರ್ಹ, ಕೆಟ್ಟದ್ದನ್ನು ಸರಿಪಡಿಸಲು ಮಾಡುವವನಲ್ಲ ಎಂಬ ಗೆರೆಯನ್ನು ಎಳೆದೇ ಮುಂದೆ ಹೋಗುತ್ತಾನೆ. ಆ ಗೆರೆ ಸಾಲದು ಎಂದು ವಾದಿಸಬಹುದು. ಗೆರೆಯೇ ಇಲ್ಲವೆನ್ನುವುದು ಓದದವರ ಮಾತು.

ಯಾರೂ ಕೇಳದಿದ್ದರೂ ಹೇಳಬೇಕಾದದ್ದು ಇನ್ನೊಂದಿದೆ: ಆತ ಧರ್ಮವನ್ನು ತಳ್ಳಿಹಾಕಿದವನೂ ಅಲ್ಲ. ರೋಮಿನ ಒರಟು ಜನರನ್ನು ಕಾನೂನಿಗೆ ಬಗ್ಗಿಸಿದ್ದು ರೊಮುಲಸನ ನಂತರದ ಅರಸ ನ್ಯೂಮಾ ನೆಲೆಗೊಳಿಸಿದ ಧರ್ಮ ಎಂದು ಮೆಚ್ಚಿ ಬರೆದಿದ್ದಾನೆ. ಹೊಸದೇನೆಂದರೆ, ಧರ್ಮ ಪರಲೋಕಕ್ಕೆ ಏನು ಕೊಡುತ್ತದೆ ಎಂಬುದನ್ನು ಬದಿಗಿಟ್ಟು ಈ ಲೋಕದ ರಾಜ್ಯದಲ್ಲಿ ಏನು ಮಾಡುತ್ತದೆ ಎಂದು ಕೇಳಿದ್ದು. ಅದೇ ಅಳತೆಗೋಲಿನಿಂದ ಚರ್ಚನ್ನೂ ಅಳೆದು, ಅದು ಇಟಲಿಯನ್ನು ತಾನೂ ಒಂದುಗೂಡಿಸಲಿಲ್ಲ, ಇನ್ನೊಬ್ಬರಿಗೂ ಬಿಡಲಿಲ್ಲ ಎಂದ. 1532ರಲ್ಲಿ, ಆತ ತೀರಿಕೊಂಡ ಐದು ವರ್ಷಗಳ ಮೇಲೆ, ‘ದಿ ಪ್ರಿನ್ಸ್’ ಅಚ್ಚಾದದ್ದು ರೋಮಿನಲ್ಲೇ, ಪೋಪರ ಅನುಮತಿಯೊಂದಿಗೆ; 1559ರಲ್ಲಿ ಆತನ ಎಲ್ಲ ಕೃತಿಗಳನ್ನೂ ನಿಷೇಧಿಸಿದ್ದು ಅದೇ ರೋಮ್.